ಹಡಗು ಹತ್ತಿದ ದಿನವೇ ಸುರಕ್ಷತಾ ತಾಲೀಮು ಏಕೆ?
ಚಿಕ್ಕ ಐಷಾರಾಮಿ ಪ್ರವಾಸಿ ಹಡಗು ಹತ್ತಿದ ದಿನ ಕೋಣೆ, ಊಟದ ಹಾಲ್, ಡೆಕ್ ನೋಡುವ ಆತುರ ಸಹಜ. ಆದರೆ ಮೊದಲು ಆಗಬೇಕಾದದ್ದು ಸುರಕ್ಷತಾ ತಾಲೀಮು.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಮಂದಿ ಮೃತಪಟ್ಟರು. ಅಂದೇ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತಾಲೀಮು ಆಗಿರಲಿಲ್ಲ. ಆಗಿನ ನಿಯಮದಲ್ಲಿ ಅದಕ್ಕೆ 24 ಗಂಟೆಗಳ ಅವಕಾಶವಿತ್ತು.

2015ರ ಜನವರಿ 1ರಿಂದ ಅಂತಾರಾಷ್ಟ್ರೀಯ ಯಾನದ ಹಡಗುಗಳಲ್ಲಿ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯ.

ಏಳು ಚಿಕ್ಕ, ಒಂದು ದೀರ್ಘ ಸದ್ದು ಕೇಳಿದಾಗ ಎಲ್ಲಿ ಸೇರಬೇಕು, ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಎಂಬುದನ್ನು ಮನೆಮಂದಿಯೆಲ್ಲ ಅಂದೇ ತಿಳಿದುಕೊಳ್ಳುವುದು ಒಳಿತು.