ತರಬೇತಿ ಹ್ಯಾಂಗ್ ಗ್ಲೈಡರ್

ತರಬೇತಿ ಹ್ಯಾಂಗ್ ಗ್ಲೈಡರ್ ಎಂಬುದು ಹೊಸಬರ ಕಲಿಕೆಗೂ ಹವ್ಯಾಸಿ ಹಾರಾಟಕ್ಕೂ ಒಗ್ಗುವಂತೆ ವಿನ್ಯಾಸಗೊಳಿಸಿದ, ಎಂಜಿನ್ ರಹಿತ ಹಗುರ ವಾಯುನೌಕೆ. ಹಾರಾಟಗಾರರು ರೆಕ್ಕೆಯ ಕೆಳಗೆ ಹಾರ್ನೆಸ್‌ನಲ್ಲಿ ತೂಗಿಕೊಂಡು, ಇಳಿಜಾರಿನಲ್ಲಿ ಗಾಳಿಗೆದುರಾಗಿ ಓಡಿ ಮೇಲೇರುತ್ತಾರೆ. ಪ್ಯಾರಾಗ್ಲೈಡರ್‌ಗೆ ಬಟ್ಟೆಯ ರೆಕ್ಕೆ ಮಾತ್ರ ಇರುತ್ತದೆ. ಹ್ಯಾಂಗ್ ಗ್ಲೈಡರ್‌ಗೆ ಗಟ್ಟಿಯಾದ ಚೌಕಟ್ಟು ಇರುತ್ತದೆ.

ಇತಿಹಾಸ

ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ 1891ರಿಂದ ದೇಹದ ಭಾರವನ್ನು ಸರಿಸಿ ಗ್ಲೈಡರ್ ನಿಯಂತ್ರಿಸುವ ಪ್ರಯೋಗಗಳನ್ನು ನಡೆಸಿದರು. 1896ರ ಆಗಸ್ಟ್‌ನಲ್ಲಿ ಗ್ಲೈಡರ್ ವೇಗ ಕಳೆದುಕೊಂಡು ಕುಸಿದುದರಿಂದ ಅವರು ಮೃತಪಟ್ಟರು. 1948ರಲ್ಲಿ ಅಮೆರಿಕದ ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗಾಲೊ ದಂಪತಿ ಮೃದು ಬಟ್ಟೆಯ ರೆಕ್ಕೆಯನ್ನು ರೂಪಿಸಿದರು. 1963ರಲ್ಲಿ ಆಸ್ಟ್ರೇಲಿಯದ ಗ್ರಾಫ್ಟನ್‌ನಲ್ಲಿ ಜಾನ್ ಡಿಕೆನ್ಸನ್ ಅಂತಹ ರೆಕ್ಕೆಗೆ ತ್ರಿಕೋನಾಕಾರದ ನಿಯಂತ್ರಣ ಚೌಕಟ್ಟನ್ನು ಜೋಡಿಸಿದರು. ಇಂದಿನ ವಿನ್ಯಾಸಗಳೂ ಇದೇ ಮಾದರಿಯನ್ನು ಅನುಸರಿಸುತ್ತವೆ. 1973ರಲ್ಲಿ ಸ್ಥಾಪನೆಯಾದ ವಿಲ್ಸ್ ವಿಂಗ್ ಸಂಸ್ಥೆಯ ಫಾಲ್ಕನ್ ಸರಣಿಯು ಈ ವರ್ಗದ ಪ್ರಸಿದ್ಧ ಉದಾಹರಣೆ.

ರಚನೆ

ಚೌಕಟ್ಟು ಅಲ್ಯೂಮಿನಿಯಂ ಕೊಳವೆಗಳದ್ದು. ಹೊದಿಕೆ ಡೇಕ್ರಾನ್ ಬಟ್ಟೆಯದು. ಬಟ್ಟೆಯೊಳಗಿನ ಪಟ್ಟಿಗಳು ರೆಕ್ಕೆಗೆ ಬಾಗಿದ ಆಕಾರವನ್ನು ಕೊಡುತ್ತವೆ. ಪುತ್ತೂರು, ಸುಳ್ಯ ಮತ್ತು ಕಡಬದ ಅಡಿಕೆ ತೋಟಗಳಲ್ಲಿ ಕಾಣಸಿಗುವ ಹಾರುವ ಓತಿಯ ನೀಳ ಪಕ್ಕೆಲುಬುಗಳು ಅದರ ಚರ್ಮದ ಪೊರೆಯನ್ನು ಬಿಡಿಸಿ ಹಿಡಿಯುವುದೂ ಇದೇ ರೀತಿಯಲ್ಲಿ. ಫಾಲ್ಕನ್‌ನಂತಹ ಗ್ಲೈಡರ್‌ಗಳ ತೂಕ ಸುಮಾರು 20ರಿಂದ 25 ಕೆ.ಜಿ.

ಸ್ಪರ್ಧಾ ಗ್ಲೈಡರ್‌ಗಳ ರೆಕ್ಕೆಗೆ ಎರಡು ಪದರಗಳಿದ್ದು, ಅಡ್ಡಕೊಳವೆ ಅವುಗಳ ನಡುವೆ ಅಡಗಿರುತ್ತದೆ. ತರಬೇತಿ ಗ್ಲೈಡರ್‌ಗೆ ಸಾಮಾನ್ಯವಾಗಿ ಒಂದೇ ಪದರ. ಅಡ್ಡಕೊಳವೆ ಗಾಳಿಗೆ ತೆರೆದುಕೊಂಡಿರುವುದರಿಂದ ಎಳೆತ ಹೆಚ್ಚಾಗಿ, ಗ್ಲೈಡರ್ ಹೆಚ್ಚು ದೂರ ಸಾಗದು. ಆದರೆ ಅದು ಕಡಿಮೆ ವೇಗದಲ್ಲಿಯೇ ನೆಲ ಬಿಡುತ್ತದೆ, ನಿಧಾನವಾಗಿ ಇಳಿಯುತ್ತದೆ ಮತ್ತು ಕಲಿಯುವವರ ಸಣ್ಣ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ನಡುಗಂಬದಿಂದ ರೆಕ್ಕೆಯ ಹಿಂಚಿಗೆ ಕಟ್ಟಿದ ತಂತಿಗಳು ಗ್ಲೈಡರ್ ಮೂಗು ಕೆಳಗಾಗಿ ಮಗುಚದಂತೆ ತಡೆಯಲು ನೆರವಾಗುತ್ತವೆ.

ನಿಯಂತ್ರಣ

ನಿಯಂತ್ರಣ ಪಟ್ಟಿಯನ್ನು ತನ್ನತ್ತ ಎಳೆದಾಗ ದೇಹದ ಭಾರ ಮುಂದಕ್ಕೆ ಸರಿದು ವೇಗ ಹೆಚ್ಚುತ್ತದೆ. ದೂರಕ್ಕೆ ತಳ್ಳಿದಾಗ ಕಡಿಮೆಯಾಗುತ್ತದೆ. ದೇಹವನ್ನು ಒಂದು ಬದಿಗೆ ಸರಿಸಿದರೆ ಗ್ಲೈಡರ್ ಆ ಬದಿಗೆ ತಿರುಗುತ್ತದೆ. ಪಟ್ಟಿಯನ್ನು ಅತಿಯಾಗಿ ತಳ್ಳಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು ಎತ್ತುವ ಬಲ ಕುಸಿಯುತ್ತದೆ. ನೆಲದ ಸಮೀಪದಲ್ಲಿ ಹೀಗಾದರೆ ಚೇತರಿಸಿಕೊಳ್ಳಲು ಎತ್ತರವಿರುವುದಿಲ್ಲ. ಆದರೆ ಇಳಿಯುವ ಕೊನೆಯ ಕ್ಷಣದಲ್ಲಿ ಪಟ್ಟಿಯನ್ನು ಉದ್ದೇಶಪೂರ್ವಕವಾಗಿ ಪೂರ್ಣ ತಳ್ಳಿ, ವೇಗವನ್ನು ಕಳೆದು, ಕಾಲೂರಲಾಗುತ್ತದೆ.

ತರಬೇತಿ ಮತ್ತು ಸುರಕ್ಷತೆ

ಕಲಿಕೆಯು ಸಮತಟ್ಟಾದ ಮೈದಾನದಲ್ಲಿ ಗ್ಲೈಡರ್ ಹೊತ್ತು ಓಡುವುದರಿಂದ ಆರಂಭವಾಗಿ, ಸಣ್ಣ ಇಳಿಜಾರಿಗೆ ಮುಂದುವರಿಯುತ್ತದೆ. ನಿಯಂತ್ರಣ ಪಟ್ಟಿಗೆ ಚಕ್ರಗಳನ್ನು ಅಳವಡಿಸಿದರೆ ತಪ್ಪಾಗಿ ಇಳಿದಾಗ ಪೆಟ್ಟು ಕಡಿಮೆಯಾಗುತ್ತದೆ. ಹಾರ್ನೆಸ್ ಅನ್ನು ಗ್ಲೈಡರ್‌ಗೆ ಕೊಂಡಿಹಾಕದೆ ಓಡುವುದು ಈ ಕ್ರೀಡೆಯ ಮಾರಕ ತಪ್ಪುಗಳಲ್ಲೊಂದು. ಆದ್ದರಿಂದ ಪ್ರತಿ ಹಾರಾಟಕ್ಕೂ ಮುನ್ನ ನೆಲದ ಮೇಲೆಯೇ ತೂಗಿ ಪರೀಕ್ಷಿಸುವುದು ಕಡ್ಡಾಯ ಅಭ್ಯಾಸವಾಗಿದೆ.

ಸ್ಥಳದ ಆಯ್ಕೆ

ಎತ್ತರದ ಗುಡ್ಡವಿದ್ದ ಮಾತ್ರಕ್ಕೆ ತರಬೇತಿ ಸಾಧ್ಯವಾಗುವುದಿಲ್ಲ. ಗಾಳಿಗೆ ಎದುರಾದ, ಮರಗಳಿಲ್ಲದ ಇಳಿಜಾರು ಮತ್ತು ಅದರ ಬುಡದಲ್ಲಿ ವಿಶಾಲ ಬಯಲು ಇರಬೇಕು. ಗ್ಲೈಡರ್ 1 ಮೀಟರ್ ಇಳಿಯುವಷ್ಟರಲ್ಲಿ 8 ಮೀಟರ್ ಮುಂದೆ ಸಾಗುತ್ತದೆ ಎಂದಿಟ್ಟುಕೊಂಡರೆ, ನಿಶ್ಚಲ ಗಾಳಿಯಲ್ಲಿ 50 ಮೀಟರ್ ಎತ್ತರದಿಂದ 400 ಮೀಟರ್ ದೂರ ಹೋಗುತ್ತದೆ. ಅಷ್ಟು ದೂರದವರೆಗೆ ಮರ, ವಿದ್ಯುತ್ ತಂತಿಗಳ ಅಡ್ಡಿ ಇರಬಾರದು.

ಪಶ್ಚಿಮ ಘಟ್ಟದ ತಪ್ಪಲಿನ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಅಡಿಕೆ, ತೆಂಗು, ರಬ್ಬರ್ ತೋಟಗಳೂ ಕಾಡೂ ದಟ್ಟವಾಗಿರುವುದರಿಂದ ಇಂತಹ ಬಯಲು ವಿರಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ಬಿರುಗಾಳಿ, ಮಳೆ ಮತ್ತು ಮೋಡ ಹಾರಾಟಕ್ಕೆ ಪ್ರತಿಕೂಲ. ಬೆಟ್ಟದ ಮರೆಬದಿಯಲ್ಲಿ ಸುಳಿಗಾಳಿಯ ಅಪಾಯವೂ ಇದೆ. ಸುಬ್ರಹ್ಮಣ್ಯದಿಂದ ಚಾರಣ ಹೋಗುವ, 1712 ಮೀಟರ್ ಎತ್ತರದ ಕುಮಾರ ಪರ್ವತವು ಪುಷ್ಪಗಿರಿ ವನ್ಯಜೀವಿಧಾಮದ ಸಂರಕ್ಷಿತ ಪ್ರದೇಶವಾಗಿದೆ.

ಭಾರತದಲ್ಲಿ ನಿಯಮಾವಳಿ

2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿಯು ಹ್ಯಾಂಗ್ ಗ್ಲೈಡಿಂಗ್ ಅನ್ನು ತನ್ನ ವ್ಯಾಪ್ತಿಯ ಕ್ರೀಡೆಗಳಲ್ಲಿ ಸೇರಿಸಿದ್ದು, ಸುರಕ್ಷತೆಗೆ ಒತ್ತು ನೀಡುತ್ತದೆ.