ಉಪವಾಸದ ದಿನ ಮೆದುಳಿನ ಬುತ್ತಿ

ತಪಸ್ಸುಕಾಲ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನಮ್ಮ ಮನೆಗಳಲ್ಲಿ ಒಲೆಯ ಕೆಲಸ ಕಡಿಮೆಯಾಗುತ್ತದೆ. ಲತೀನ್ ವಿಧಿಯವರು ಬೂದಿ ಬುಧವಾರದಿಂದ ವ್ರತ ಹಿಡಿದರೆ, ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ವಿಧಿಯ ಕುಟುಂಬಗಳು ಅದಕ್ಕೆ ಎರಡು ದಿನ ಮುಂಚೆ, ಸೋಮವಾರದಿಂದಲೇ 50 ದಿನಗಳ ನೋಂಪಿಯನ್ನು ಆರಂಭಿಸುತ್ತವೆ. ಶುಭ ಶುಕ್ರವಾರದಂದು ಗಂಜಿನೀರನ್ನಷ್ಟೇ ಕುಡಿದು ಶಿಲುಬೆಯ ಹಾದಿಯಲ್ಲಿ ಪಾಲ್ಗೊಳ್ಳುವ ಹಿರಿಯರು ಇಂದಿಗೂ ಉಂಟು. ಹೊಟ್ಟೆ ಬರಿದಾದರೂ ಅವರ ಬುದ್ಧಿ ಮಂಕಾಗದಿರುವುದೇಕೆ? ಅದೇ ಉಪವಾಸ ಮತ್ತೊಬ್ಬರನ್ನು ಆಸ್ಪತ್ರೆಗೆ ಒಯ್ಯುವುದೇಕೆ? ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಕೀಟೋನ್ ಎಂಬ ವಸ್ತು ಎದುರಾಗುತ್ತದೆ.

ಮೆದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20 ಭಾಗವನ್ನು ಅದೊಂದೇ ಬಳಸುತ್ತದೆ. ದಿನಕ್ಕೆ 100ರಿಂದ 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಪಿತ್ತಜನಕಾಂಗದಲ್ಲಿ ಕೂಡಿಟ್ಟ ದಾಸ್ತಾನು ಇರುವುದೋ ಸುಮಾರು 100 ಗ್ರಾಂ. ಒಂದು ಹಗಲು ಒಂದು ರಾತ್ರಿಯ ಸಂಪೂರ್ಣ ಉಪವಾಸಕ್ಕೆ ಅದು ಬಹುತೇಕ ಖಾಲಿ. ಮೈಯಲ್ಲಿ ಕೊಬ್ಬು ಬೇಕಾದಷ್ಟಿದ್ದರೂ ಮೆದುಳು ಅದನ್ನು ನೇರವಾಗಿ ಇಂಧನವಾಗಿಸಿಕೊಳ್ಳಲಾರದು. ಆಗ ಪಿತ್ತಜನಕಾಂಗವು ಕೊಬ್ಬನ್ನು ಒಡೆದು, ರಕ್ತದಲ್ಲಿ ಕರಗಿ ಮೆದುಳನ್ನು ಹೊಗಬಲ್ಲ ಕೀಟೋನ್‌ಗಳನ್ನಾಗಿ ಮಾಡಿ ಕಳುಹಿಸುತ್ತದೆ. ವಿಚಿತ್ರವೆಂದರೆ, ಇವನ್ನು ತಯಾರಿಸುವ ಪಿತ್ತಜನಕಾಂಗ ತಾನು ಮಾತ್ರ ಅವುಗಳನ್ನು ಬಳಸಲಾರದು; ಹಬ್ಬದ ದಿನ ಎಲ್ಲರಿಗೂ ಬಡಿಸಿ ತಾನು ಉಣ್ಣದ ತಾಯಿಯಂತೆ.

ಇದನ್ನು 1967ರಲ್ಲಿ ಅಮೆರಿಕದ ಬಾಸ್ಟನ್ ನಗರದ ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮೆದುಳಿಗೆ ಹೋಗುವ ಹಾಗೂ ಅಲ್ಲಿಂದ ಮರಳುವ ರಕ್ತವನ್ನು ಪರೀಕ್ಷಿಸಿದಾಗ, ಮೆದುಳಿನ ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೀಟೋನ್‌ಗಳದೇ ಆಗಿತ್ತು. ಈ ಏರ್ಪಾಡು ಇಲ್ಲದಿದ್ದರೆ ಮೆದುಳಿಗಾಗಿ ಗ್ಲೂಕೋಸ್ ಒದಗಿಸಲು ದೇಹವು ತನ್ನ ಸ್ನಾಯುಗಳನ್ನೇ ಬೇಗಬೇಗನೆ ಕರಗಿಸಿಕೊಳ್ಳಬೇಕಾಗುತ್ತಿತ್ತು. ನಮ್ಮ ಒಂದು ದಿನದ ಒಪ್ಪೊತ್ತಿನಲ್ಲಿ ಕೀಟೋನ್‌ಗಳ ಪಾಲು ಅಲ್ಪವೇ ಸರಿ. ಆರೋಗ್ಯವಂತರಿಗೆ ಅದರಿಂದ ಭಯವಿಲ್ಲ.

ಮೂರ್ಛೆರೋಗಕ್ಕೆ ಉಪವಾಸ ಹಿತವೆಂಬ ಅನುಭವ ಬಹು ಹಿಂದಿನದು. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್, ಉಪವಾಸವಿಲ್ಲದೆಯೇ ಕೀಟೋನ್ ಹೆಚ್ಚಿಸುವಂತಹ, ಕೊಬ್ಬು ಅಧಿಕವಾಗಿ ಅನ್ನ-ಸಕ್ಕರೆ ಅತ್ಯಲ್ಪವಾಗಿರುವ ಪಥ್ಯವನ್ನು ಸೂಚಿಸಿದರು. ಔಷಧಕ್ಕೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ನರರೋಗ ತಜ್ಞರು ಇಂದಿಗೂ ಅದನ್ನು ಕೊಡುವುದುಂಟು. ಗ್ರಾಂ ಲೆಕ್ಕದಲ್ಲಿ ತೂಗಿ ಉಣಿಸಬೇಕಾದ ಆ ಪಥ್ಯ, ಮನೆಯಲ್ಲಿ ತಾವಾಗಿ ಮಾಡಿನೋಡುವಂಥದ್ದಲ್ಲ.

ನಾವು ಮುಖ್ಯವಾಗಿ ಹೇಳಬೇಕಾದುದು ಸಕ್ಕರೆ ಕಾಯಿಲೆಯವರ ವಿಷಯ. ಊಟವಿಲ್ಲವೆಂದು ಇನ್ಸುಲಿನ್ ಚುಚ್ಚುಮದ್ದನ್ನೂ ಬಿಟ್ಟುಬಿಡುವವರಿದ್ದಾರೆ. ಕೀಟೋನ್ ತಯಾರಿಕೆಗೆ ಕಡಿವಾಣ ಹಾಕುವುದು ಇನ್ಸುಲಿನ್. ತನ್ನದೇ ಇನ್ಸುಲಿನ್ ಇಲ್ಲದ ರೋಗಿ ಅದನ್ನು ಬಿಟ್ಟರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲಮಯವಾಗುತ್ತದೆ. ಮೆದುಳಿಗೆ ಬುತ್ತಿಯಾಗಬೇಕಾದುದೇ ಪ್ರಾಣಕ್ಕೆ ಎರವಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಲ್ಲಿ, ರಕ್ತದ ಸಕ್ಕರೆ ಬಹಳ ಏರದಿದ್ದರೂ ಉಪವಾಸದಲ್ಲಿ ಹೀಗಾಗಬಹುದು. ಇದಕ್ಕೆ ವಿರುದ್ಧವಾದ ಅಪಾಯ ಇನ್ನೊಂದು. ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಹೆಚ್ಚಿದ ಇನ್ಸುಲಿನ್ ಕೀಟೋನ್‌ಗಳನ್ನೂ ತಡೆಯುವುದರಿಂದ ಮೆದುಳಿಗೆ ಎರಡು ಬಾಗಿಲೂ ಮುಚ್ಚಿದಂತೆ. ಬೆವರು, ನಡುಕ, ತೊದಲು ಮಾತು, ಎಚ್ಚರ ತಪ್ಪುವಿಕೆ ಒಂದರ ಹಿಂದೊಂದು ಬರುತ್ತವೆ. ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕು. ಆಗ ವ್ರತಭಂಗದ ಚಿಂತೆ ಸಲ್ಲದು.

ಅಷ್ಟಕ್ಕೂ ಧರ್ಮಸಭೆ ಇಂಥವರಿಂದ ಉಪವಾಸ ಕೇಳಿಲ್ಲ. ಲತೀನ್ ವಿಧಿಯ 1983ರ ಕಾನೂನು ಸಂಹಿತೆಯಂತೆ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಮಾತ್ರ ಉಪವಾಸದ ನಿಯಮ ಅನ್ವಯಿಸುತ್ತದೆ; ರೋಗಿಗಳಿಗೂ ಗರ್ಭಿಣಿಯರಿಗೂ ವಿನಾಯಿತಿ ಉಂಟು. ಪರಮಪ್ರಸಾದಕ್ಕೆ ಮುನ್ನಿನ ಒಂದು ಗಂಟೆಯ ಉಪವಾಸವನ್ನು ಔಷಧ ಮುರಿಯುವುದಿಲ್ಲ. ಆದರೂ ಎಪ್ಪತ್ತು ದಾಟಿದ ಅಜ್ಜಿಯಂದಿರೇ ಹಟ ಹಿಡಿಯುವುದನ್ನು ನಾವು ಕಾಣುತ್ತೇವೆ. ಬೂದಿ ಬುಧವಾರಕ್ಕೆ ಹಿಂದಿನ ಭಾನುವಾರ ಧರ್ಮಕೇಂದ್ರದ ಗುರುಗಳು ಪೀಠದಿಂದ ಈ ಮಾತನ್ನು ಹೇಳಿದರೆ, ವೈದ್ಯರ ಮಾತಿಗಿಂತ ಹೆಚ್ಚು ನಾಟೀತು.

ಕೀಟೋನ್ ಮಿತಿಮೀರಿದ ಲಕ್ಷಣಗಳನ್ನು ಮನೆಯವರೆಲ್ಲ ಅರಿತಿರಬೇಕು: ತೀವ್ರ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ, ಮಂಪರು. ಹೊಟ್ಟೆ ಕೆಟ್ಟಿದೆಯೆಂದು ಕಷಾಯ ಕುಡಿಸಿ ಮಲಗಿಸಿದರೆ ಕೆಲಸ ಕೆಟ್ಟಿತು. ನಮ್ಮ ಕಡೆಯಿಂದ ಶಿವಮೊಗ್ಗಕ್ಕಾಗಲಿ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕಾಗಲಿ ತಲುಪಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಿ ಯಾವ ಮಾತ್ರೆ ನುಂಗುತ್ತಾರೆ, ಕೊನೆಯ ಇನ್ಸುಲಿನ್ ಯಾವಾಗ ಚುಚ್ಚಿಕೊಂಡರು, ಎಷ್ಟು ಹೊತ್ತಿನಿಂದ ಉಂಡಿಲ್ಲ ಎಂಬುದನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಬೇಕು; ಮಾತ್ರೆಯ ಹಾಳೆಯೂ ಜೊತೆಯಲ್ಲಿರಲಿ.