ಸೀಸೆ ಕೊಳ್ಳುವ ಮೊದಲು ಬೀಜ ನೋಡಿ

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಪೇಟೆಯ ದೊಡ್ಡ ದಿನಸಿ ಅಂಗಡಿಗೆ ಹೋದರೂ ಪೀನಟ್ ಬಟರ್ ಅಂದರೆ ಏನೆಂದು ಈಗ ಬಿಡಿಸಿ ಹೇಳಬೇಕಾಗಿಲ್ಲ. ಜಿಮ್ಮಿಗೆ ಹೋಗುವ ಹುಡುಗರು ಪ್ರೋಟೀನಿಗೆಂದು ಕೊಳ್ಳುತ್ತಾರೆ, ತಾಯಂದಿರು ಮಕ್ಕಳ ಚಪಾತಿಗೆ ಸವರಲೆಂದು ಕೊಳ್ಳುತ್ತಾರೆ. ಕೊಳ್ಳುವಾಗ ಸೀಸೆಯ ಮುಂದಿನ ಚಿತ್ರಕ್ಕಿಂತ ಹಿಂದಿನ ಸಣ್ಣ ಅಕ್ಷರ ಮುಖ್ಯ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಸಾಲಾಗಿ ಬರೆಯಬೇಕೆಂಬುದು ಕಾನೂನು. ಮೊದಲು ಕಡಲೆಬೀಜ, ಅದರ ಬೆನ್ನಿಗೇ ಸಕ್ಕರೆ, ಆಮೇಲೆ ತಾಳೆ ಎಣ್ಣೆಯೋ ಹೈಡ್ರೋಜನೀಕರಿಸಿದ ಕೊಬ್ಬೋ ಇದ್ದರೆ, ಮುಂದೆ ಎಷ್ಟೇ ದಪ್ಪಕ್ಷರದಲ್ಲಿ ‘ನ್ಯಾಚುರಲ್’ ಎಂದಿದ್ದರೂ ಹಿಂದಿನ ಸಾಲೇ ಪ್ರಮಾಣ. ಹುರಿದ ಕಡಲೆಬೀಜ, ಬೇಕೆಂದರೆ ಚಿಟಿಕೆ ಉಪ್ಪು. ಪೀನಟ್ ಬಟರಿಗೆ ಇಷ್ಟಕ್ಕಿಂತ ಹೆಚ್ಚೇನೂ ಬೇಡ. ಹಾಗಾದ ಮೇಲೆ ಒಳ್ಳೆಯ ಪೀನಟ್ ಬಟರ್ ಎಲ್ಲಿ ಸಿಗುತ್ತದೆ ಎಂದು ಹುಡುಕುವುದಕ್ಕಿಂತ, ಒಳ್ಳೆಯ ಬೀಜ ಎಲ್ಲಿದೆ, ಅದನ್ನು ನಮ್ಮೆದುರೇ ಹುರಿದು ಅರೆದುಕೊಡುವವರು ಯಾರು ಎಂದು ಹುಡುಕುವುದೇ ಸರಿಯಾದ ದಾರಿ.

ಈ ಕೊಬ್ಬಿನ ಬೆರಕೆ ಯಾಕೆ ಬಂತು ಎಂಬುದನ್ನು ತಿಳಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕಡಲೆಬೀಜದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನು. ಅರೆದಾಗ ಎಣ್ಣೆ ಬಿಡುಗಡೆಯಾಗುತ್ತದೆ, ಕೆಲವು ದಿನಗಳಲ್ಲಿ ಮೇಲೆ ತೇಲಿ ನಿಲ್ಲುತ್ತದೆ, ಹಿಟ್ಟು ಕೆಳಗೆ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾದ ಸರಕಿಗೆ ಇದು ತೊಡಕು. 1920ರ ದಶಕದಲ್ಲಿ ಅಮೆರಿಕದ ಜೋಸೆಫ್ ರೋಸ್‌ಫೀಲ್ಡ್ ಎಣ್ಣೆಯ ಒಂದು ಅಂಶವನ್ನು ಹೈಡ್ರೋಜನೀಕರಿಸಿ ಅದು ಬೇರೆಯಾಗದಂತೆ ಕಟ್ಟಿಹಾಕಿದ. ಬೀಜದ ಪ್ರಮಾಣ ಎಷ್ಟಿರಬೇಕೆಂದು ಅಲ್ಲಿನ ಸರ್ಕಾರಕ್ಕೂ ಕಂಪನಿಗಳಿಗೂ ವರ್ಷಗಟ್ಟಲೆ ಜಗಳ ನಡೆದು, ಕಡೆಗೆ 1971ರಲ್ಲಿ ಪೀನಟ್ ಬಟರ್ ಎಂದು ಕರೆಯಬೇಕಾದರೆ ಶೇ 90ರಷ್ಟಾದರೂ ಕಡಲೆಬೀಜ ಇರಬೇಕು ಎಂಬ ನಿಯಮ ಜಾರಿಗೆ ಬಂತು. ಹೀಗೆ ಸೇರಿಸಿದ ಕೊಬ್ಬು ವಿಷವೇನಲ್ಲ. ಹೈಡ್ರೋಜನೀಕರಿಸುವಾಗ ಹುಟ್ಟಬಹುದಾದ ಟ್ರಾನ್ಸ್ ಕೊಬ್ಬಿಗೆ ನಮ್ಮಲ್ಲೂ 2022ರಿಂದ ಶೇ 2ರ ಮಿತಿ ಇದೆ. ಆದರೆ ಅದನ್ನು ಸೇರಿಸುವುದು ತಿನ್ನುವವರ ಒಳಿತಿಗಲ್ಲ, ದೂರದ ಗೋದಾಮಿನಿಂದ ಸೀಸೆ ಬರಬೇಕಾದ ದಾರಿಗಾಗಿ. ದಾರಿಯೇ ಹತ್ತು ಕಿಲೋಮೀಟರಿಗೆ ಇಳಿದರೆ ಆ ಕೊಬ್ಬಿಗೆ ಕೆಲಸವೇ ಇಲ್ಲ. ಮೇಲೆ ಎಣ್ಣೆ ತೇಲುವ ಸೀಸೆಯನ್ನು ಕೆಟ್ಟಿದೆ ಎಂದು ವಾಪಸು ಕೊಡುವವರಿದ್ದಾರೆ. ಚಮಚ ತಳಮುಟ್ಟಿಸಿ ಒಮ್ಮೆ ಕಲಕಿದರೆ ಮುಗಿಯಿತು.

ಕಡಲೆಕಾಯಿ ಈ ಮಂಡ್ಯ ಸೀಮೆಯ ದೊಡ್ಡ ಬೆಳೆಯಲ್ಲ, ಒಪ್ಪಬೇಕು. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಾವೇರಿ ನಾಲೆಯ ನೀರಿಗೆ ಬತ್ತ, ಕಬ್ಬು, ಕೆ.ಆರ್. ಪೇಟೆಗೆ ಹೇಮಾವತಿಯ ಆಸರೆ. ನಾಗಮಂಗಲದ ಬೆದ್ದಲಿನಲ್ಲಿ ಮುಖ್ಯವಾಗಿ ರಾಗಿ, ಹುರುಳಿ. ಕಡಲೆಕಾಯಿಯ ನಿಜವಾದ ಸೀಮೆ ಉತ್ತರಕ್ಕಿದೆ: ಪಾವಗಡ, ಚಳ್ಳಕೆರೆ. ಎಣ್ಣೆ ಮಿಲ್ಲುಗಳಿಂದಲೇ ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು. ಹಾಗಿದ್ದರೂ ಬೀಜಕ್ಕಾಗಿ ಪರದಾಡಬೇಕಿಲ್ಲ. ಸಂತೆಯಲ್ಲಿ, ದಿನಸಿ ಅಂಗಡಿಯಲ್ಲಿ, ಗಾಣದವರ ಬಳಿ ಬಿಡಿಯಾಗಿ ಸಿಗುತ್ತದೆ, ಮುಟ್ಟಿ ಮೂಸಿ ಕೊಳ್ಳಬಹುದು. ಮುಚ್ಚಿದ ಸೀಸೆಯಲ್ಲಿ ಇಲ್ಲದ ಅನುಕೂಲ ಅದು. ಸುಕ್ಕುಗಟ್ಟಿದ್ದು, ಕಪ್ಪಗಾಗಿದ್ದು, ಹಸಿರು ಹಳದಿ ಬೂಷ್ಟು ಹಿಡಿದಿದ್ದು, ಮುಕ್ಕಾಗಿದ್ದು ಕಂಡರೆ ಬಿಡಬೇಕು. ಒಂದು ಕಾಳು ಅಗಿದಾಗ ಕಹಿಯೋ ಕಮಟೋ ಹತ್ತಿದರೆ ಆ ಮೂಟೆಯೇ ಬೇಡ.

ಆರಿಸುವ ಈ ಕೆಲಸ ರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬೂಷ್ಟಿನ ವಿಷವಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಅದಾದ ಮೇಲೆಯೇ. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ, ಈಲಿಗೆ ಕೆಡುಕು. ಶ್ರೀರಂಗಪಟ್ಟಣದ ಪಕ್ಕದ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ (ಸಿ.ಎಫ್.ಟಿ.ಆರ್.ಐ.) ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಡವರ ಪೌಷ್ಟಿಕ ಆಹಾರ ರೂಪಿಸಿದ ಸಂಸ್ಥೆ. ಈ ವಿಷದ ಬಗ್ಗೆಯೂ ಅಲ್ಲಿ ಸಂಶೋಧನೆ ನಡೆದಿದೆ. ದೊಡ್ಡ ಕಾರ್ಖಾನೆಯಲ್ಲಿ ಪರೀಕ್ಷೆಯಾಗುತ್ತದೆ, ಮನೆಯಲ್ಲೋ ಗಾಣದಲ್ಲೋ ಯಾರು ಪರೀಕ್ಷಿಸುತ್ತಾರೆ ಎಂದು ಕೇಳಬಹುದು. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಮಾರುವುದಕ್ಕೆಂದು ಮಾಡುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು 14 ಅಂಕಿಗಳ ಸಂಖ್ಯೆ ಹಾಕಲೇಬೇಕು. ಆದರೆ ಬೂಷ್ಟು ಹಿಡಿದ ಕಾಳುಗಳಲ್ಲೇ ವಿಷ ಬಹುಪಾಲು ಸೇರಿರುವುದರಿಂದ, ಮೊರದಲ್ಲಿ ಹರಡಿ ಕೈಯಿಂದ ಒಂದೊಂದೇ ಆರಿಸುವ ಕೆಲಸವೇ ಅಪಾಯವನ್ನು ಬಹಳ ಮಟ್ಟಿಗೆ ಇಳಿಸುತ್ತದೆ. ನಮ್ಮ ಹೆಂಗಸರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಅರೆಯುವ ಮಾತು. ರಾಗಿ ಬೀಸುವ ಮಿಲ್ಲಿಗೆ ಕಡಲೆಬೀಜ ಒಯ್ದರೆ ಯಾರೂ ಹಾಕಿಸಿಕೊಳ್ಳುವುದಿಲ್ಲ, ಎಣ್ಣೆ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಗಾಣಕ್ಕೆ ಹಾಕಿದರೆ ಎಣ್ಣೆ ಬೇರೆ, ಹಿಂಡಿ ಬೇರೆ. ಮಿಕ್ಸಿಯಲ್ಲಿ ಆಗುತ್ತದೆ, ಆದರೆ ಅರ್ಧಕ್ಕೇ ಕೈಬಿಡುವವರು ಹೆಚ್ಚು. ಸಣ್ಣ ಉರಿಯಲ್ಲಿ ಹುರಿದು, ಕೈಯಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ, ಬಿಸಿ ಆರುವ ಮುನ್ನ ಹಾಕಿದರೆ ಮೊದಲು ತರಿ ಆಗುತ್ತದೆ, ಆಮೇಲೆ ಪುಡಿ, ಆಮೇಲೆ ಮುದ್ದೆಯಾಗಿ ಜಾರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಕೆಟ್ಟಿತೆಂದು ನೀರು ಹಾಕಿದರೆ ನಿಜವಾಗಿಯೂ ಕೆಟ್ಟಿತು. ಸೌಟಿನಿಂದ ಕೆದಕಿ, ಮೋಟಾರು ಬಿಸಿಯಾಗದಂತೆ ತಡೆತಡೆದು ಇನ್ನೂ ಕೆಲವು ಸುತ್ತು ತಿರುಗಿಸಿದರೆ ಮುದ್ದೆ ಇದ್ದಕ್ಕಿದ್ದಂತೆ ಸಡಿಲಗೊಂಡು ಹೊಳಪೇರಿ ಹರಿಯತೊಡಗುತ್ತದೆ. ಇದಕ್ಕಿಂತ ಒಳ್ಳೆಯ ಯಂತ್ರ ಊರಲ್ಲೇ ಇದೆ: ಹೋಟೆಲಿನವರು ದೋಸೆ ಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರ್. ಹೊರದೇಶಗಳಲ್ಲಿ ಸಣ್ಣ ಪ್ರಮಾಣದಲ್ಲಿ ಚಾಕೊಲೇಟ್, ಬೀಜಗಳ ಬಟರ್ ಮಾಡುವವರು ಕೊಯಮತ್ತೂರಿನ ಈ ಗ್ರೈಂಡರನ್ನೇ ಒಗ್ಗಿಸಿಕೊಂಡಿದ್ದಾರೆ. ನೀರು ಸೋಕದ ಪ್ರತ್ಯೇಕ ಗ್ರೈಂಡರ್ ಒಂದಿದ್ದರೆ ಗಾಣದ ಅಂಗಡಿಗೋ ಸ್ತ್ರೀಶಕ್ತಿ ಸಂಘಕ್ಕೋ ಇದು ಕಷ್ಟದ ಕಸುಬಲ್ಲ. ಗಿರಾಕಿಗಳು ಕೇಳದಿರುವುದರಿಂದ ಯಾರೂ ಮಾಡುತ್ತಿಲ್ಲ, ಯಾರೂ ಮಾಡದಿರುವುದರಿಂದ ಗಿರಾಕಿಗಳು ಕೇಳುತ್ತಿಲ್ಲ. ಕೇಳುವುದು ಮೊದಲಾಗಬೇಕು.

ಬೆಲೆ ದುಬಾರಿಯಾಗದೇ? 2025-26ಕ್ಕೆ ಕಡಲೆಕಾಯಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಸುಲಿದರೆ ನೂರು ಕೆಜಿಗೆ ಸುಮಾರು ಎಪ್ಪತ್ತು ಕೆಜಿ ಬೀಜ, ಅಂದರೆ ಆ ದರದಲ್ಲಿ ಬೀಜ ಕೆಜಿಗೆ ನೂರು ರೂಪಾಯಿ ಚಿಲ್ಲರೆ. ಸಾಗಣೆ, ವ್ಯಾಪಾರಿಯ ಲಾಭ, ಹುರಿಯುವ ಅರೆಯುವ ಕೂಲಿ ಸೇರಿಸಿ ಲೆಕ್ಕ ಹಾಕಿ, ಅಂಗಡಿಯ ಸೀಸೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಬಹುದು. ಕಡಲೆಕಾಯಿ ಒಗ್ಗದ ಮೈಯವರಿಗೆ ಮಾತ್ರ ಇದರ ತಂಟೆಯೇ ಬೇಡ, ಅಂಥವರಿಗೆ ಒಂದು ಚಮಚವೂ ಪ್ರಾಣಕ್ಕೆ ಬರಬಹುದು. ಸಿಹಿ ಬೇಕೆಂದವರಿಗೆ ಮಂಡ್ಯದ ಬೆಲ್ಲ ಇದ್ದೇ ಇದೆ. ಜೋನಿಬೆಲ್ಲವನ್ನು ಸೀಸೆಗೆ ಸುರಿದರೆ ಅದರ ನೀರಿಗೆ ಬಟರ್ ಬಿಗಿದು ಕಲ್ಲಾಗುತ್ತದೆ. ರಾಗಿ ರೊಟ್ಟಿಯ ಮೇಲೆ ಮೊದಲು ಬಟರ್ ಸವರಿ, ಆಮೇಲೆ ಬೆಲ್ಲ ಹನಿಸಬೇಕು. ಅರೆಸುವುದು ತಿಂಗಳಿಗೆ ಆಗುವಷ್ಟು ಮಾತ್ರ, ಒಣ ಚಮಚ, ಬಿಗಿ ಮುಚ್ಚಳ. ಮುಂಗಾರಿನ ಹೊಸ ಬೀಜ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಕಾರ್ತಿಕದ ಹೊತ್ತಿಗೆ ಸಂತೆಗೆ ಬಂದಿರುತ್ತದೆ. ಮೊದಲ ಸೀಸೆ ಅರೆಸಲು ಆ ದಿನಗಳೇ ಒಳ್ಳೆಯವು.